ಕಸಿ: ಪಡದಲ್ಲಿ ಕೇಳುವ ಪ್ರಶ್ನೆಗಳು, ಪಾಠದಲ್ಲಿ ಕೇಳುವ ಪ್ರಶ್ನೆಗಳು

ಬಹಳ ವರ್ಷ ಕನ್ನಡ ಪಾಠ ಹೇಳಿ, ಈಗ ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ಎರಡು ಎಕರೆ ದ್ರಾಕ್ಷಿ ಪಡ, ಅಂದರೆ ತೋಟ, ನೋಡಿಕೊಂಡಿರುವವನು ನಾನು. ಹೀಗಾಗಿ ನನ್ನ ಮನೆಗೆ ಎರಡು ಬಗೆಯ ಜನ ಬರುತ್ತಾರೆ. ಕೆಲವರ ಕೈಯಲ್ಲಿ ಸಸಿ ಇರುತ್ತದೆ, ಕೆಲವರ ಕೈಯಲ್ಲಿ ವಾಕ್ಯ. ಇಬ್ಬರೂ ಕೇಳುವುದು ಒಂದೇ ಮಾತು: "ಸರ್, ಇದು ಕಸಿ ಹೌದೋ ಅಲ್ಲವೋ?" ಪ್ರತಿ ಸಲ ಹೊಸದಾಗಿ ಹೇಳಿ ಗಂಟಲು ಒಣಗಿಸಿಕೊಳ್ಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಕಸಿ ಎಂದರೆ ಏನು?

ಒಂದು ಗಿಡದ ಬೇರಿನ ಭಾಗಕ್ಕೆ ಇನ್ನೊಂದು ಗಿಡದ ಕಡ್ಡಿಯನ್ನೋ ಚಿಗುರೊಡೆಯುವ ಕಣ್ಣನ್ನೋ ಕೂಡಿಸಿ, ಎರಡೂ ಒಂದೇ ಗಿಡವಾಗಿ ಬದುಕುವಂತೆ ಮಾಡುವುದು. ಕೆಳಗಿನದು ಬೇರುಸಸಿ, ಮೇಲಿನದು ಕಸಿಕಡ್ಡಿ. ಬೇರುಸಸಿ ನೀರು, ಗೊಬ್ಬರ ಎಳೆದು ಕೊಡುತ್ತದೆ, ಕಸಿಕಡ್ಡಿ ಎಲೆ ಬಿಟ್ಟು ಅನ್ನ ತಯಾರಿಸಿ ಹಣ್ಣು ಕೊಡುತ್ತದೆ.

ಇಲ್ಲಿ ಜನ ತಪ್ಪು ತಿಳಿಯುವ ಒಂದು ಸಂಗತಿಯಿದೆ. ಕಸಿಯಾದ ಮೇಲೆ ಎರಡೂ ಬೆರೆತು ಮೂರನೆಯದೊಂದು ಹುಟ್ಟುತ್ತದೆ ಎಂದುಕೊಳ್ಳುತ್ತಾರೆ. ಹುಟ್ಟುವುದಿಲ್ಲ. ಇಪ್ಪತ್ತು ವರ್ಷದ ಬಳ್ಳಿಯಾದರೂ ಕೂಡಿದ ಜಾಗದ ಗಂಟಿನ ಕೆಳಗೆ ಅದು ಬೇರುಸಸಿಯ ಜಾತಿಯೇ, ಗಂಟಿನ ಮೇಲೆ ಕಸಿಕಡ್ಡಿಯ ಜಾತಿಯೇ. ಕೂಡಿ ಬಾಳುತ್ತವೆ, ಕರಗಿ ಒಂದಾಗುವುದಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಭಾಷೆಯ ವಿಷಯ ಬಂದಾಗ ಬೇಕಾಗುತ್ತದೆ.

ಕಟ್ಟುವುದು ಹೇಗೆ? ನೋಡಿದವರು ಹೇಳಿದರೆ ಚೆನ್ನ.

ನಮ್ಮ ಕಡೆ ದ್ರಾಕ್ಷಿಗೆ ಕಸಿ ಕಟ್ಟುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ವರ್ಷದ ಆರಂಭದಲ್ಲಿ ನೆಟ್ಟ ಬೇರುಸಸಿ ಅಷ್ಟರಲ್ಲಿ ಪೆನ್ಸಿಲ್ ದಪ್ಪಕ್ಕೆ ಬಂದಿರುತ್ತದೆ. ಮಳೆಗಾಲದ ತಂಪೂ ತೇವವೂ ಗಾಳಿಯಲ್ಲಿ ಇರುತ್ತವೆ.

ನನ್ನ ಪಡಕ್ಕೆ ಬರುವ ಕಸಿ ಕಾಕಾ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಪ್ಲಾಸ್ಟಿಕ್ ಪಟ್ಟಿಯ ತುದಿ ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತದೆ, ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಕಡ್ಡಿಗಳು ಮಗ್ಗುಲಲ್ಲಿ. ನೆಲದಿಂದ ಒಂದು ಅಡಿಯಷ್ಟು ಮೇಲೆ ಬೇರುಸಸಿಯ ತಲೆ ಹಾರಿಸಿ, ನಡುವೆ ಎರಡು ಬೆರಳಗಲ ಆಳಕ್ಕೆ ಸೀಳುತ್ತಾರೆ. ಎರಡು ಕಣ್ಣಿರುವ ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಬೆಣೆಯ ಹಾಗೆ ಕೊಯ್ಯುತ್ತಾರೆ, ಒಂದು ಬದಿಗೆ ಒಂದೇ ಎಳೆತ. ಮತ್ತೆ ಮತ್ತೆ ಹೆರೆದರೆ ಮೈ ಏರುಪೇರಾಗಿ ನಡುವೆ ಗಾಳಿ ನಿಲ್ಲುತ್ತದೆ. ಬೆಣೆಯನ್ನು ಸೀಳಿನಲ್ಲಿ ಇಳಿಸಿ, ಒಂದು ಬದಿಯ ತೊಗಟೆಗೆ ಇನ್ನೊಂದರ ತೊಗಟೆ ಸರಿಯಾಗಿ ಕೂಡಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. ಆಮೇಲೆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತುತ್ತಾರೆ. ಇಷ್ಟಕ್ಕೆಲ್ಲ ಒಂದೆರಡು ನಿಮಿಷ ಸಾಕು. "ಕೊಯ್ದ ಮೈ ಬಿಸಿಲು ಕಾಣಬಾರದು ಸರ್" ಎನ್ನುವುದು ಅವರ ಮಾತು. ಆ ಮಾತು ಹೇಳುವಾಗಲೂ ಕೈ ನಿಲ್ಲುವುದಿಲ್ಲ.

ಹೆಬ್ಬೆರಳು ಹುಡುಕುವುದು ಕ್ಯಾಂಬಿಯಂ ಎಂಬ ಪದರವನ್ನು. ತೊಗಟೆಗೂ ಕಟ್ಟಿಗೆಗೂ ನಡುವೆ ತೆಳುವಾಗಿ ಇರುವ, ಬೆಳೆಯುವ ಜೀವಕೋಶಗಳ ಪದರ ಅದು. ಎರಡರ ಕ್ಯಾಂಬಿಯಂ ಒಂದಕ್ಕೊಂದು ತಾಗಿದರೆ ಗಾಯದ ಜಾಗದಲ್ಲಿ ಮೆತ್ತನೆಯ ಹೊಸ ಕೋಶಗಳು ಹುಟ್ಟಿ, ಆಮೇಲೆ ನೀರು ಹರಿಯುವ ನಾಳಗಳು ಕೂಡಿಕೊಳ್ಳುತ್ತವೆ. ತಾಗದಿದ್ದರೆ ಕಡ್ಡಿಯ ಒಳಗಿದ್ದ ತೇವ ಮುಗಿಯುವವರೆಗೆ ಹಸಿರಾಗಿ ಕಂಡು, ನಂತರ ಕಪ್ಪಾಗುತ್ತದೆ. ಹದಿನೈದು ಇಪ್ಪತ್ತು ದಿನಕ್ಕೆ ಕಣ್ಣು ಒಡೆದರೆ ಕಟ್ಟಿದ ಕೂಲಿ ಸಾರ್ಥಕ.

ಕಡ್ಡಿ ನೆಟ್ಟರೂ ದ್ರಾಕ್ಷಿ ಬರುತ್ತದೆ. ಇಷ್ಟು ಖಟಪಟಿ ಏಕೆ?

ಬರುತ್ತದೆ. ಹಿಂದಿನವರು ಹಾಗೆಯೇ ನೆಡುತ್ತಿದ್ದರು. ಆದರೆ ನಮ್ಮದು ಮಳೆ ಕಡಿಮೆಯ ಸೀಮೆ, ಎಷ್ಟೋ ಕೊಳವೆ ಬಾವಿಗಳ ನೀರು ಸವಳು. ಡೋಣಿ ನದಿಯ ನೀರಿನ ಉಪ್ಪು ಯಾರಿಗೆ ಗೊತ್ತಿಲ್ಲ? ಥಾಮ್ಸನ್ ಸೀಡ್‌ಲೆಸ್, ಮಾಣಿಕ್ ಚಮನ್, ಸೋನಾಕಾ ಇಂಥ ತಳಿಗಳ ಸ್ವಂತ ಬೇರು ಈ ಉಪ್ಪನ್ನೂ ಬರವನ್ನೂ ತಾಳುವುದು ಕಷ್ಟ. ಅಮೆರಿಕದ ಟೆಕ್ಸಾಸ್ ಮೂಲದ ಡಾಗ್ ರಿಡ್ಜ್ ಎಂಬ ಕಾಡುದ್ರಾಕ್ಷಿಯ ಬೇರು ತಾಳುತ್ತದೆ. ಅದರ ಹಣ್ಣು ನಮಗೆ ಬೇಡ, ಬೇರು ಬೇಕು. ಥಾಮ್ಸನ್ನಿನ ಬೇರು ಬೇಡ, ಹಣ್ಣು ಬೇಕು. ಆದ್ದರಿಂದ ಎರಡನ್ನೂ ಕೂಡಿಸುತ್ತೇವೆ.

ಜಗತ್ತಿನ ದೊಡ್ಡ ಕಸಿ ಕಥೆಯೂ ದ್ರಾಕ್ಷಿಯದೇ. 1860ರ ದಶಕದಲ್ಲಿ ಅಮೆರಿಕದಿಂದ ಫ್ರಾನ್ಸಿಗೆ ಹೋದ ಫಿಲಾಕ್ಸೆರಾ ಎಂಬ ಸಣ್ಣ ಹೇನಿನಂಥ ಕೀಟ ಬೇರು ತಿಂದು ಅಲ್ಲಿಯ ತೋಟಗಳನ್ನು ಹಾಳುಗೆಡವಿತು. ಔಷಧಕ್ಕೆ ಬಗ್ಗದ ಆ ಪಿಡುಗಿಗೆ ಕೊನೆಗೆ ಸಿಕ್ಕ ಉಪಾಯ, ಕೀಟ ಎಲ್ಲಿಂದ ಬಂದಿತೋ ಅದೇ ಅಮೆರಿಕದ ಬೇರಿಗೆ ಫ್ರಾನ್ಸಿನ ಕಡ್ಡಿ ಕಟ್ಟುವುದು. ಅಲ್ಲಿಯ ಬೇರಿಗೆ ಆ ಕೀಟದ ಜೊತೆ ಬಾಳುವ ರೂಢಿ ಮೊದಲಿನಿಂದ ಇತ್ತು.

ಬೇವಿಗೆ ಮಾವು ಕಸಿ ಕಟ್ಟಬಹುದೇ?

ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಆಗುವುದಿಲ್ಲ. ಕಸಿಗೆ ಬಳಗ ಬೇಕು. ಮಾವು ಗೇರಿನ ಕುಟುಂಬದ್ದು, ಬೇವು ಬೇರೆಯೇ ಕುಟುಂಬದ್ದು. ಟೊಮೆಟೊ ಬದನೆಗೆ ಕೂಡುತ್ತದೆ, ಚಿಕ್ಕು ಖಿರಣಿಗೆ ಕೂಡುತ್ತದೆ, ನಾಟಿ ಬಾರಿ (ಬೋರೆ) ಗಿಡಕ್ಕೆ ದೊಡ್ಡ ಹಣ್ಣಿನ ಬಾರಿ ಕೂಡುತ್ತದೆ. ತೆಂಗು, ಬಾಳೆ, ಕಬ್ಬುಗಳಲ್ಲಿ ನಾವು ಕಟ್ಟುವ ಬಗೆಯ ಕಸಿ ಸಾಗದು, ಅವುಗಳ ಕಾಂಡದಲ್ಲಿ ಆ ಕ್ಯಾಂಬಿಯಂ ಪದರವೇ ಇಲ್ಲ.

"ಬೇವು ಬಿತ್ತಿ ಮಾವು ಬಯಸಬಾರದು" ಎಂಬ ಗಾದೆಯನ್ನು ಕೆಲವರು ಕಸಿಗೂ ಅನ್ವಯಿಸುತ್ತಾರೆ. ಗಾದೆ ಬಿತ್ತುವುದರ ಬಗ್ಗೆ ಇದೆ. ಮಾವು ಬಿತ್ತಿದರೂ ಬಯಸಿದ ಮಾವು ಬರುವುದಿಲ್ಲ ಎಂಬುದು ಕಸಿ ಕಟ್ಟುವವರಿಗೆ ಗೊತ್ತು. ಆಪೂಸಿನ ಗೊರಟೆ ನೆಟ್ಟರೆ ಆಪೂಸ್ ಬರುವ ಭರವಸೆಯಿಲ್ಲ. ಇನ್ನು ಬೀಜವೇ ಇಲ್ಲದ ದ್ರಾಕ್ಷಿಯನ್ನು ಬಿತ್ತುವುದಾದರೂ ಹೇಗೆ?

ಕಸಿ, ಹೈಬ್ರಿಡ್ ಎರಡೂ ಒಂದೇ ಅಲ್ಲವೇ?

ಅಲ್ಲ. ಹೈಬ್ರಿಡ್ ಆಗುವುದು ಹೂವಿನಲ್ಲಿ: ಒಂದರ ಪರಾಗ ಇನ್ನೊಂದಕ್ಕೆ ಬಿದ್ದು ಬೀಜ ಕಟ್ಟುತ್ತದೆ, ಆ ಬೀಜದ ಪ್ರತಿ ಕಣದಲ್ಲೂ ತಂದೆ ತಾಯಿ ಇಬ್ಬರೂ ಇರುತ್ತಾರೆ. 1964ರಲ್ಲಿ ಬಂದ ಸಿಎಸ್‌ಎಚ್-1 ಜೋಳ ಹೈಬ್ರಿಡ್. ನಮ್ಮ ಹಿಂಗಾರಿಯ ಎಂ 35-1 ಬಿಳಿಜೋಳ ಹೈಬ್ರಿಡ್ ಅಲ್ಲ, ಆಯ್ದ ತಳಿ. ಕಸಿ ಆಗುವುದು ಕಾಂಡದಲ್ಲಿ. "ಅವನದು ಹೈಬ್ರಿಡ್ ಬುದ್ಧಿ" ಎಂದು ಬೈಯುವವರಿಗೆ, "ಅವನದು ಕಸಿ ಕಟ್ಟಿದ ಬುದ್ಧಿ" ಎಂದರೆ ಅರ್ಥ ಬೇರೆಯಾಗುತ್ತದೆ ಎಂದು ನಾನು ಹೇಳುವುದುಂಟು. ಎರಡನೆಯವನಲ್ಲಿ ಸ್ವಂತ ಬೇರು ಹಾಗೆಯೇ ಇರುತ್ತದೆ, ಮಾತು ಮಾತ್ರ ಬೇರೆ ಮರದ್ದು.

ಬೇರಿನ ಗುಣ ಹಣ್ಣಿಗೆ ಇಳಿಯುತ್ತದೆಯೇ?

ಜಾತಿ ಇಳಿಯುವುದಿಲ್ಲ, ಜೋರು ಇಳಿಯುತ್ತದೆ. ಬಳ್ಳಿಯ ಬೆಳವಣಿಗೆ, ಇಳುವರಿ, ಕಾಯಿಯ ಗಾತ್ರ ಇವುಗಳ ಮೇಲೆ ಬೇರಿನ ಕೈವಾಡ ಇದ್ದೇ ಇದೆ. ಅಪರೂಪಕ್ಕೆ ಗಂಟಿನ ಜಾಗದಿಂದಲೇ ಚಿಗುರೊಡೆದು, ಎರಡೂ ಗಿಡಗಳ ಅಂಗಾಂಶ ಪದರಪದರವಾಗಿ ಸೇರಿದ ಕೊಂಬೆ ಬರುವುದೂ ಉಂಟು. ಇಟಲಿಯ ಫ್ಲಾರೆನ್ಸ್‌ನಲ್ಲಿ 1644ರಲ್ಲಿ ಕಂಡ ಅಂಥದೊಂದು ಗಿಡ ಹುಳಿ ಕಿತ್ತಳೆಯನ್ನೂ ಮಾದಲವನ್ನೂ, ಎರಡೂ ಸೇರಿದ ವಿಚಿತ್ರ ಹಣ್ಣನ್ನೂ ಬಿಟ್ಟಿತು. ಇದು ಮಾತಿಗೆ ಹೇಳಿದ್ದು, ನಿಮ್ಮ ಪಡದಲ್ಲಿ ಕಾಯುತ್ತ ಕೂರಬೇಡಿ.

ಇಂಡಿ ಲಿಂಬೆಗೆ, ಬಾಗಲಕೋಟೆಯ ದಾಳಿಂಬೆಗೆ ಕಸಿ ಸಸಿಯೇ ಬೇಕೇ?

ಬೇಕೆಂದಿಲ್ಲ. ಲಿಂಬೆಯ ಒಂದು ಬೀಜದಿಂದ ಎರಡು ಮೂರು ಮೊಳಕೆ ಬರುವುದುಂಟು, ಅವುಗಳಲ್ಲಿ ಹೆಚ್ಚಿನವು ತಾಯಿಯ ತದ್ರೂಪ. ದಾಳಿಂಬೆಗೆ ಗೂಟಿ ಕಟ್ಟುತ್ತಾರೆ, ಅಂದರೆ ಗಿಡದ ಮೇಲಿರುವ ಕೊಂಬೆಗೇ ಬೇರು ಬರಿಸುತ್ತಾರೆ, ಅದು ತನ್ನ ಬೇರನ್ನು ತಾನೇ ಬಿಡುತ್ತದೆ. ಹೆಚ್ಚಿನ ವಿವರ ಬೇಕಾದವರು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಅಥವಾ ಬೆಳಗಾವಿ ಜಿಲ್ಲೆಯ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ವಿಚಾರಿಸಿ.

ಕೊಂಡ ಸಸಿ ನಿಜವಾಗಿ ಕಸಿಯೇ ಎಂದು ತಿಳಿಯುವುದು ಹೇಗೆ?

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಹಿತ್ತಲಿಗೆಂದು ಒಂದು ನರ್ಸರಿಯಿಂದ ಆಪೂಸ್ ಸಸಿ ತಂದಿದ್ದೆ. ಐದು ವರ್ಷ ನೀರು ಹೊತ್ತೆ. ಹೂ ಬಿಟ್ಟ ದಿನ ಹೆಂಡತಿ ಮರಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಹಣ್ಣು ಬಂದಾಗ ನೋಡಿದರೆ ಗೊರಟೆಗೆ ತಲೆಗೂದಲಿನಷ್ಟು ನಾರು, ಹಲ್ಲು ಚುಳ್ ಎನ್ನುವ ಹುಳಿ. ಕಸಿಕಡ್ಡಿ ಎಂದೋ ಸತ್ತು, ಗಂಟಿನ ಕೆಳಗಿನ ಚಿಗುರು ಮರವಾಗಿತ್ತು. ಮಾರಿದವನು ನೋಡಲಿಲ್ಲ, ಕೊಂಡ ನಾನೂ ನೋಡಲಿಲ್ಲ. ಈಗ ಅದರ ಕಾಯಿ ಉಪ್ಪಿನಕಾಯಿಗೆ ಆಗುತ್ತಿದೆ.

ಆದ್ದರಿಂದ ಎಲೆಯ ಸೊಂಪು ನೋಡಿ ಮರುಳಾಗಬೇಡಿ, ಬುಡ ನೋಡಿ. ಕಾಂಡದಲ್ಲಿ ಕೂಡಿದ ಗುರುತು, ಬೆಣೆಯ ಗೆರೆ ಕಾಣಬೇಕು. ನೀವು ನೋಡುತ್ತಿರುವ ಹಸಿರು ಆ ಗೆರೆಯ ಮೇಲಿನಿಂದ ಹೊರಟಿರಬೇಕು. ಪ್ಲಾಸ್ಟಿಕ್ ಪಟ್ಟಿ ಇನ್ನೂ ಕಾಂಡವನ್ನು ಕಚ್ಚಿಕೊಂಡಿದ್ದರೆ ಬಿಚ್ಚಿ, ಇಲ್ಲದಿದ್ದರೆ ಅದೇ ಉರುಳಾಗುತ್ತದೆ. ನೆಡುವಾಗ ಗಂಟು ಮಣ್ಣಿನ ಮೇಲಿರಲಿ. ಆಮೇಲೆ ವರ್ಷಗಟ್ಟಲೆ ಕೆಳಚಿಗುರು ಚಿವುಟುತ್ತಲೇ ಇರಬೇಕು. ಬೇರುಸಸಿ ತನ್ನ ಸ್ವಂತ ತಲೆ ಎತ್ತುವ ಆಸೆಯನ್ನು ಬಿಡುವುದೇ ಇಲ್ಲ.

ಹಳಬರು "ಕಲಮ್ ಕಟ್ಟಿದ ಗಿಡ" ಎನ್ನುತ್ತಾರೆ. ಕಲಮ್ ಎಂದರೆ ಲೇಖನಿ ಅಲ್ಲವೇ?

ಹೌದು, ಎರಡೂ ಒಂದೇ ಶಬ್ದ. ಆದಿಲ್‌ಶಾಹಿಯ ಫಾರಸಿ, ನೆರೆಯ ಮರಾಠಿ ಎರಡೂ ಬಾಳಿದ ಊರು ನಮ್ಮದು. ಕಲಮ್ ಎಂದರೆ ಬರೆಯುವ ಲಾಳದ ಕಡ್ಡಿ. ಅದರ ತುದಿಯನ್ನು ಓರೆಯಾಗಿ ಕೊಯ್ಯುತ್ತಾರೆ, ಕಸಿಕಡ್ಡಿಯ ಬುಡವನ್ನೂ ಹಾಗೆಯೇ. ಮಾರುಕಟ್ಟೆಯ "ಕಲ್ಮಿ" ಮಾವು, ಹಳೆಯ ದಂಡ ಸಂಹಿತೆಯ "ಕಲಂ 302" ಎಲ್ಲವೂ ಇದೇ ಮನೆಯವು.

ಇನ್ನೊಂದು ಸ್ವಾರಸ್ಯ. ಇಂಗ್ಲಿಷಿನ 'ಗ್ರಾಫ್ಟ್' ಶಬ್ದದ ಬೇರು ಕೂಡ ಬರೆಯುವ ಕಡ್ಡಿಗೆ ಗ್ರೀಕರು ಹೇಳುತ್ತಿದ್ದ 'ಗ್ರಾಫಿಯಾನ್' ಎಂಬುದರಲ್ಲಿದೆ. ಅರಬ್ಬಿಯ ಕಲಮ್ ಸಹ ಗ್ರೀಕಿನ 'ಕಲಮೊಸ್', ಅಂದರೆ ಲಾಳದ ಕಡ್ಡಿಯಿಂದ ಬಂದದ್ದು. ಯುರೋಪಿನ ತೋಟಿಗನೂ ನಮ್ಮ ಕಡೆಯ ಕಸಿಯವನೂ ಕೊಯ್ದ ಕಡ್ಡಿಯನ್ನು ನೋಡಿ ಲೇಖನಿಯನ್ನೇ ನೆನೆದಿದ್ದಾರೆ.

ಹಾಗಾದರೆ "ಕಸಿದುಕೊಳ್ಳು" ಎಂಬುದಕ್ಕೂ ಕಸಿಗೂ ನಂಟಿದೆಯೇ?

ನಿಘಂಟಿನಲ್ಲಿ ಇವು ಬೇರೆ ಬೇರೆ ಪದಗಳು. ಅಂಗಿಗೆ, ಕುಂಚಿಗೆಗೆ ಕಟ್ಟುವ ದಾರ ಕಸೆ, ಅದನ್ನೂ ನಮ್ಮ ಕಡೆ ಕಸಿ ಎನ್ನುತ್ತಾರೆ. ಕಟ್ಟುವುದು, ಕಿತ್ತುಕೊಳ್ಳುವುದು ಎರಡಕ್ಕೂ ಒಂದೇ ಸದ್ದು. ಇಂಗ್ಲಿಷ್ ಪತ್ರಿಕೆಗಳು ಲಂಚಕೋರತನಕ್ಕೆ 'ಗ್ರಾಫ್ಟ್' ಎಂದು ಬರೆಯುವುದನ್ನು ನೋಡಿದಾಗ, ಅಲ್ಲಿಯೂ ಇಂಥದೇ ತಮಾಷೆ ನಡೆದಿದೆಯಲ್ಲ ಎನಿಸುತ್ತದೆ.

ಮೂತ್ರಪಿಂಡ "ಕಸಿ" ಎಂದು ಬರೆಯುವುದು ಸರಿಯೇ? ಅದು ನಾಟಿಯಲ್ಲವೇ?

ನಾಟಿ ಎಂದರೆ ಇಡೀ ಸಸಿಯನ್ನು ಬೇರುಸಮೇತ ಕಿತ್ತು ಬೇರೆಡೆ ನೆಡುವುದು. ಮೂತ್ರಪಿಂಡ ಬೇರುಸಮೇತ ಬರುವುದಿಲ್ಲ. ಅದರ ರಕ್ತನಾಳಗಳನ್ನು ಇನ್ನೊಬ್ಬರ ರಕ್ತನಾಳಗಳಿಗೆ ಕೂಡಿಸಬೇಕು. ಆದ್ದರಿಂದ ಕನ್ನಡ ಪತ್ರಿಕೆಗಳು 'ಅಂಗಾಂಗ ಕಸಿ' ಎಂದು ಬರೆದದ್ದು ಒಳ್ಳೆಯ ಆಯ್ಕೆ ಎಂದು ನನ್ನ ಮತ. ಹೊಸ ಮೂತ್ರಪಿಂಡವನ್ನು ಕಿಬ್ಬೊಟ್ಟೆಯಲ್ಲಿ ಕೂಡಿಸುತ್ತಾರೆ, ಹಳೆಯವು ಸಾಮಾನ್ಯವಾಗಿ ಇದ್ದಲ್ಲಿಯೇ ಇರುತ್ತವೆ.

ಬಳಗದ ನಿಯಮ ಇಲ್ಲಿಯೂ ಇದೆ, ಗಿಡಕ್ಕಿಂತ ಬಿಗಿಯಾಗಿ. 1954ರಲ್ಲಿ ಬೋಸ್ಟನ್‌ನಲ್ಲಿ ಮೊದಲ ಬಾರಿಗೆ ಮೂತ್ರಪಿಂಡ ಕಸಿ ಗೆದ್ದದ್ದು ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದರಿಂದ. ಬೇರೆಯವರದಾದರೆ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸುತ್ತದೆ, ಅದನ್ನು ತಡೆಯಲು ಮಾತ್ರೆ ನುಂಗುತ್ತಲೇ ಇರಬೇಕು. ಸುಟ್ಟ ಗಾಯಕ್ಕೆ ತಮ್ಮದೇ ತೊಡೆಯ ಚರ್ಮ ಕಸಿ ಮಾಡಿದರೆ ಆ ಜಗಳವಿಲ್ಲ.

ಭಾಷೆಗೆ ಕಸಿ ಕಟ್ಟಬಹುದೇ? ಅರಿಸಮಾಸ ತಪ್ಪು ಎಂದು ನೀವೇ ಪಾಠ ಹೇಳಿದ್ದಿರಿ.

ಹಳೆಯ ವಿದ್ಯಾರ್ಥಿಗಳು ಹೀಗೆಯೇ ಸಿಕ್ಕಿಹಾಕಿಸುತ್ತಾರೆ. ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿ ಸಮಾಸ ಮಾಡಿದರೆ ಅದು ಅರಿ, ಅಂದರೆ ಶತ್ರು ಸಮಾಸ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಇದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎನ್ನುತ್ತದೆ. ಒಡೆದ ಹಾಲನ್ನು ಕಂಡವರಿಗೆ ಆ ಹೋಲಿಕೆಯ ಪೆಟ್ಟು ತಿಳಿಯುತ್ತದೆ.

ಆದರೆ ಅದು ಬೆರೆಸುವುದರ ಹೋಲಿಕೆ. ತೋಟಕ್ಕೆ ಬಂದ ಮೇಲೆ ನನಗೆ ಕಾಣುತ್ತಿರುವುದು ಬೇರೆ. 'ಮಳೆಗಾಲ' ನೋಡಿ. ಮಳೆ ಕನ್ನಡ, ಕಾಲ ಸಂಸ್ಕೃತ. ಸಂಧಿಯಲ್ಲಿ ಕಕಾರ ಗಕಾರವಾಗಿದೆ, ಅಚ್ಚ ಕನ್ನಡದ ರೀತಿಯಲ್ಲಿ. ಕೂಡಿದ ಜಾಗದಲ್ಲಿ ಗಂಟು ಬಿದ್ದಿದೆ, ಅಂದರೆ ಕಸಿ ಹತ್ತಿದೆ. 'ಪಾಲುದಾರಿಕೆ' ಇನ್ನೂ ಸೊಗಸು. ಪಾಲು ನಮ್ಮದು, ದಾರ ಫಾರಸಿಯದು, ಅದರ ತಲೆಯ ಮೇಲೆ ಮತ್ತೆ ನಮ್ಮ 'ಇಕೆ'. ಕಸಿಯ ಮೇಲೆ ಕಸಿ. ಉಪನೋಂದಣಿ ಕಚೇರಿಯ ಕಟ್ಟೆಯ ಮೇಲೆ ಕುಳಿತು ಅದನ್ನು ಬರೆಯುವವರು ಯಾರೂ ಮೂರು ತುಂಡು ಕಾಣುವುದಿಲ್ಲ.

ಹತ್ತದ ಕಸಿಗಳೂ ಬೇಕಾದಷ್ಟಿವೆ. ಸರಕಾರಿ ಸುತ್ತೋಲೆಗಳ ಕೆಲವು ಪದಗಳು ಆರು ತಿಂಗಳು ಹಸಿರಾಗಿದ್ದು ಕಪ್ಪಾಗುತ್ತವೆ. ಯಾರ ಬಾಯಿಯ ಬೇರೂ ಅವುಗಳಿಗೆ ನೀರು ಕೊಡಲಿಲ್ಲ.

ಪಟ್ಟದಕಲ್ಲಿನಲ್ಲಿ ಉತ್ತರ, ದಕ್ಷಿಣದ ಶೈಲಿಗಳ "ಕಸಿ" ಇದೆ ಎಂದು ಬರೆಯಬಹುದೇ?

ಎಲ್ಲಾ ಗುಡಿಗೂ ಬರೆಯಬೇಡಿ. ದ್ರಾವಿಡ ಶೈಲಿಯ ವಿರೂಪಾಕ್ಷ, ನಾಗರ ಶೈಲಿಯ ಗಳಗನಾಥ ಒಂದೇ ಅಂಗಳದಲ್ಲಿ ನಿಂತಿವೆ. ಅವು ಒಂದೇ ತೋಟದ ಅಕ್ಕಪಕ್ಕದ ಮರಗಳು. ಕಸಿ ಕಾಣಬೇಕಾದರೆ ಸ್ವಲ್ಪ ದೂರದ ಪಾಪನಾಥ ಗುಡಿಗೆ ನಡೆಯಿರಿ. ಗರ್ಭಗುಡಿಯ ಮೇಲೆ ನಾಗರ ಶಿಖರ, ಕೆಳಗೆ ಗೋಡೆ ಮತ್ತು ಮಾಡಿನ ಅಂಚಿನಲ್ಲಿ ದ್ರಾವಿಡದ ಸಾಲುಗೂಡುಗಳು. ಅಷ್ಟು ಉದ್ದದ ಮೈಗೆ ಆ ಶಿಖರ ಗಿಡ್ಡವಾಯಿತು ಎಂದು ನನಗೆ ಪ್ರತಿಸಲ ಎನಿಸುತ್ತದೆ. ಹೊಸದಾಗಿ ಕಟ್ಟಿದ ಕಡ್ಡಿ ದಪ್ಪ ಬುಡದ ಮೇಲೆ ಹಾಗೆಯೇ ಕಾಣುತ್ತದೆ.

ಸೊಸೆಯನ್ನು, ದತ್ತು ಮಗನನ್ನು ಕಸಿಗೆ ಹೋಲಿಸಬಹುದೇ?

ಮದುವೆಯ ಭಾಷಣಗಳಲ್ಲಿ ಸೊಸೆಯನ್ನು ಹೋಲಿಸುತ್ತಾರೆ. ನನಗೆ ಒಗ್ಗದು. ಕಸಿ ಕಟ್ಟುವಾಗ ಇಬ್ಬರ ಮೈಗೂ ಕತ್ತಿ ಬೀಳುತ್ತದೆ, ನಮ್ಮ ಮನೆಗಳಲ್ಲಿ ಕತ್ತಿ ಬೀಳುವುದು ಹೆಚ್ಚಾಗಿ ಒಬ್ಬಳ ಮೈಗೆ. ಅದನ್ನು ನಾಟಿ ಎನ್ನಿ.

ದತ್ತಿಗೆ ಹೋಲಿಕೆ ಒಪ್ಪುತ್ತದೆ: ಮನೆತನದ ಬೇರು ಹಳೆಯದು, ಚಿಗುರು ಬೇರೆ ಮನೆಯದು. ಬೆಳಗಾವಿ ಜಿಲ್ಲೆಯ ಕಿತ್ತೂರಿನ ಕಥೆ ಇಂಥ ಕಸಿಯದೇ. 1824ರಲ್ಲಿ ಸಂಸ್ಥಾನಕ್ಕೆ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ರಾಣಿ ಚನ್ನಮ್ಮ ಬಿಟ್ಟುಕೊಡಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಕಸಿಯನ್ನು ಒಪ್ಪದವನ ಲೆಕ್ಕದಲ್ಲಿ ಅಲ್ಲಿ ಇದ್ದದ್ದು ಕಸಿದುಕೊಳ್ಳಬೇಕಾದ ಸಂಸ್ಥಾನ ಮಾತ್ರ.

ಬರೆಯುವಾಗ ಕಸಿ, ಬೆರಕೆ, ತೇಪೆ ಇವುಗಳಲ್ಲಿ ಯಾವುದನ್ನು ಬಳಸಲಿ?

ಗುರುತು ಸಿಗದಂತೆ ಸೇರಿದ್ದರೆ ಬೆರಕೆ. ಮೇಲೆ ಅಂಟಿಸಿದ್ದು, ಕಿತ್ತರೆ ಕೆಳಗಿನದಕ್ಕೆ ನೋವಿಲ್ಲ ಎಂದಾದರೆ ತೇಪೆ. ಎರಡೂ ಗಾಯ ಮಾಡಿಕೊಂಡು ಕೂಡಿ, ಒಂದರಿಂದ ಇನ್ನೊಂದು ಉಣ್ಣುತ್ತಿದ್ದರೆ ಮಾತ್ರ ಕಸಿ. ಹಳೆಯ ಪಠ್ಯದ ಕೊನೆಗೆ ಎರಡು ಹೊಸ ಪಾಠ ಸೇರಿಸಿ "ಆಧುನಿಕತೆಯ ಕಸಿ" ಎಂದು ಬರೆದವರಿಗೆ ನಾನು ಕೆಂಪು ಶಾಯಿಯಲ್ಲಿ 'ತೇಪೆ' ಎಂದು ತಿದ್ದಿದ್ದೇನೆ.

ಕಟ್ಟುವುದನ್ನು ಕಲಿಯಬೇಕು. ಯಾವಾಗ ಬರಲಿ?

ಆಗಸ್ಟಿನಲ್ಲಿ, ಬೆಳಿಗ್ಗೆ ಎಂಟರೊಳಗೆ. ಬಿಸಿಲೇರಿದ ಮೇಲೆ ಕಾಕಾ ಕಡ್ಡಿ ಮುಟ್ಟುವುದಿಲ್ಲ. ಕತ್ತಿ ನಿಮ್ಮದೇ ತನ್ನಿ, ಅವರು ತಮ್ಮದನ್ನು ಯಾರಿಗೂ ಕೊಡುವುದಿಲ್ಲ. ಮೊದಲ ದಿನ ಬಾರಿ ಗಿಡದ ಒಣ ಕೊಂಬೆಗಳ ಮೇಲೆ ಬೆಣೆ ಕೊಯ್ಯುವುದಷ್ಟೇ ಕೆಲಸ, ಹೆಬ್ಬೆರಳಿಗೆ ಸುತ್ತಿಕೊಳ್ಳಲು ಹಳೆಯ ಬಟ್ಟೆಯ ತುಂಡೊಂದು ಜೇಬಿನಲ್ಲಿರಲಿ.